ರೋಸ ಎಸ್ತೇರ್ ದೋಣಿಯ ಐದನೆಯ ಹೆಸರು

ಪುಲ್ಕಿನ್ ಬಂದರು, ಚಿಲೋಯೆ
ಅಕ್ಟೋಬರ್ 9

ಮಗಳೇ ಮಿರೆಯಾ,

ಫೋನನ್ನು ಸಮುದ್ರಕ್ಕೆ ಎಸೆದೆ ಅಂತ ನಿನ್ನ ಎಲ್ಸಿರತ್ತೆಗೆ ಹೇಳಿ ಕಳಿಸಿದ್ದೀಯಂತೆ. ಒಳ್ಳೆಯದಾಯಿತು, ಮೀನುಗಳಾದರೂ ಮಾತಾಡಿಕೊಳ್ಳಲಿ. ನನಗೆ ಉಳಿದದ್ದು ಕಾಗದ. ಮೂವತ್ತೊಂದು ವರ್ಷ ಬಂದರಿನ ರೇಡಿಯೊ ಮುಂದೆ ಕೂತು ಬಾಯಲ್ಲೇ ಕೆಲಸ ಮಾಡಿದವನು ನಾನು, ನಾಲ್ಕು ಸಾಲು ಬರೆಯುವಷ್ಟರಲ್ಲಿ ಬೆರಳು ನೋಯುತ್ತಿದೆ. ಆದರೂ ಬಿಡುವವನಲ್ಲ.

ಪೋರ್ತೊ ನತಾಲೆಸ್‌ನಲ್ಲಿ ಯಾವುದೋ ವಸತಿಗೃಹದಲ್ಲಿ ಹಾಸಿಗೆ ಬಟ್ಟೆ ಒಗೆಯುತ್ತಿದ್ದೀಯ ಅಂತ ಗೊತ್ತಾಯಿತು. ಒಗೆಯುವುದು ಕೀಳು ಕೆಲಸ ಅನ್ನುತ್ತಿಲ್ಲ. ಆದರೆ ವಾಲ್ದಿವಿಯಾದಲ್ಲಿ ಐದು ವರ್ಷ ಓದಿ, ಈ ಬಂದರಿನ ಅರುವತ್ತು ದೋಣಿಯಲ್ಲಿ ಯಾರ್ಯಾರು ಹೋದರು ಅಂತ ಲೆಕ್ಕ ಇಡುವ ಪ್ರೋಗ್ರಾಮು ಬರೆದುಕೊಟ್ಟವಳು ನೀನು. ನೀನು ಊರಿಗೆ ವಾಪಸ್ ಬರಬೇಕು, ನಿನ್ನ ಕೆಲಸಕ್ಕೂ ವಾಪಸ್ ಹೋಗಬೇಕು. ನನಗೆ ಬೇಕಾದದ್ದು ಅಷ್ಟೇ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಡೆದದ್ದು ನಿನಗೆ ಗೊತ್ತು. ಆದರೂ ಒಂದು ಸಲ ಸಾಲಾಗಿ ಇಟ್ಟುಕೊಂಡು ನೋಡಿದರೆ ನನಗೇ ಸಮಾಧಾನ. ಆಗಸ್ಟ್ ಹನ್ನೊಂದರ ಬೆಳಿಗ್ಗೆ ಐದು ನಲವತ್ತಕ್ಕೆ ರೋಸ ಎಸ್ತೇರ್ ದೋಣಿಯ ನಾಲ್ಕು ಜನರ ಹೆಸರನ್ನು ನಾನು ನಿನ್ನ ಯಂತ್ರಕ್ಕೆ ಹಾಕಿದೆ. ದೋಣಿ ಬಿಡುವಾಗ ದೋನ್ಯಾ ಎದುವಿನಾಳ ಮಗ ನಿವಾಲ್ದೊ ಕಟ್ಟೆಯಿಂದ ಹಾರಿ ಹತ್ತಿಕೊಂಡ. ಕಪ್ತಾನ ಸೆಗುಂದೊ ರೇಡಿಯೊದಲ್ಲಿ ಕೂಗಿದ: "ದೋನ್ ಸೆಲೆಸ್ತೀನೊ, ನಿವಾಲ್ದೊನೂ ಬಂದ, ಐದು ಜನ ಆದ್ವಿ." "ಬರ್ಕೊಂಡೆ" ಅಂದೆ. ಎಂಟಕ್ಕೆ ದೋಣಿ ಮಗುಚಿತು. ಇಬ್ಬರನ್ನು ಒಂದು ದೋಣಿ ಎತ್ತಿಕೊಂಡಿತು, ಇನ್ನಿಬ್ಬರನ್ನು ಇನ್ನೊಂದು. ನಿವಾಲ್ದೊ ಆ ದೋಣಿಯಲ್ಲಿರಬೇಕು ಅಂತ ಇವರು, ಈ ದೋಣಿಯಲ್ಲಿರಬೇಕು ಅಂತ ಅವರು ಅಂದುಕೊಂಡರು. ಹುಡುಕುವವರ ಕೈಯಲ್ಲಿದ್ದ ಹಾಳೆಯಲ್ಲಿ ನಾಲ್ಕೇ ಹೆಸರು. ನಾಲ್ಕು ಸಿಕ್ಕಿತು, ಹುಡುಕಾಟ ನಿಂತಿತು. ನಿವಾಲ್ದೊ ಒಂಬತ್ತು ಗಂಟೆ ಕಾಲ ಬಂಡೆಯ ಮೇಲೆ ಒದ್ದೆಯಾಗಿ ಕೂತಿದ್ದ. ಸಂಜೆ ಅವನು ಮನೆಗೆ ಬಂದಿಲ್ಲ ಅಂತ ತಿಳಿದ ಮೇಲೆ ಮತ್ತೆ ಹುಡುಕಿ ತಂದರು. ಜೀವ ಉಳಿಯಿತು, ಚಳಿಗೆ ಮರಗಟ್ಟಿ ಬಲಗಾಲಿನ ಮೂರು ಬೆರಳು ಹೋದವು. ಅವನು ಇನ್ನು ಮುಳುಗು ಹಾಕಿ ಚಿಪ್ಪು ಕೀಳಲಾರ.

ಮೀನುಗಾರರ ಸಂಘದ ಸಭೆಯಲ್ಲಿ ನೀನು ಎದ್ದು ಹೇಳಿದೆ: "ತಪ್ಪು ನನ್ನ ಪ್ರೋಗ್ರಾಮಿಂದು. ಐದನೇ ಹೆಸರು ಸೇರಿಸಿದಾಗ ಹೊಸ ಪಟ್ಟಿ ಆಗತ್ತೆ. ಅದನ್ನ ಖಾನೆ ಒಳಗೆ ಇಡೋ ಸಾಲನ್ನೇ ನಾನು ಬರೆದಿರ್ಲಿಲ್ಲ." ಯಾರಿಗೂ ತಲೆಬುಡ ತಿಳಿಯಲಿಲ್ಲ. ದೋನ್ಯಾ ಎದುವಿನಾ "ನಿನ್ನ ಕೈ ಸೇದಿಹೋಗ" ಅಂದಳು. ಮರುದಿನ ನೀನು ಇರಲಿಲ್ಲ.

ಮಾರ್ಚ್ ತಿಂಗಳಲ್ಲಿ ಮಹಾಸಭೆ. ನಿನ್ನ ಹೆಸರನ್ನು ಹೊಣೆಗಾರಳು ಅಂತ ವರದಿಯಲ್ಲಿ ಬರೆಯುತ್ತಾರಂತೆ. ಅದಕ್ಕೆ ಮೊದಲು ನಾನು ಎದುವಿನಾಳ ಹತ್ತಿರ ಹೋಗಿ, ಇದು ಒಂದು ಸಾಲಿನ ಮರೆವು ತಾಯಿ, ಕೇಡು ಬಗೆದದ್ದಲ್ಲ ಅಂತ ವಿವರಿಸಬೇಕು. ವಿವರಿಸಬೇಕಾದರೆ ನನಗೆ ತಿಳಿಯಬೇಕು. ನಿನ್ನ ಹಳೆಯ ಲ್ಯಾಪ್‌ಟಾಪ್ ತೆಗೆದಿದ್ದೇನೆ, ನೀನು ಪ್ರೋಗ್ರಾಮು ಬರೆಯಲು ಕಲಿತ ಪುಸ್ತಕವೂ ಸಿಕ್ಕಿತು. ಮೊದಲ ಪ್ರಶ್ನೆ: ಪಟ್ಟಿಗೆ ಸೇರಿಸಿದರೆ ಸೇರಬೇಕಲ್ಲವೇ? ಅದೇನು ಹೊಸ ಪಟ್ಟಿ? ನಗಬೇಡ.

ನಿನ್ನ ದಾರಿ ಕಾಯುವ
ಅಪ್ಪ

---

ಪೋರ್ತೊ ನತಾಲೆಸ್
ಅಕ್ಟೋಬರ್ 28

ಅಪ್ಪಾ,

ಕಾಗದ ಹನ್ನೊಂದು ದಿನಕ್ಕೆ ತಲುಪಿತು. ಓದಿ ನಕ್ಕೆ, ಆಮೇಲೆ ಒಗೆಯುವ ಕೋಣೆಗೆ ಹೋಗಿ ಅತ್ತೆ. ಇಲ್ಲಿ ಗಾಳಿ ಎಷ್ಟು ಜೋರು ಅಂದರೆ ಹಗ್ಗಕ್ಕೆ ಹಾಕಿದ ಬಟ್ಟೆ ಪಕ್ಕದ ಬೀದಿಗೆ ಹೋಗುತ್ತದೆ. ಒಡತಿ ಒಳ್ಳೆಯವಳು. ನನ್ನ ಬಗ್ಗೆ ಚಿಂತೆ ಬೇಡ.

ಲ್ಯಾಪ್‌ಟಾಪ್ ಮುಚ್ಚಿಡು. ಎದುವಿನಾಳ ಮನೆಗೂ ಹೋಗಬೇಡ. ಹೇಳಬೇಕಾದ್ದನ್ನು ನಾನು ಹೇಳಿ ಆಗಿದೆ, ಅದು ಅಲ್ಲಿಗೆ ಮುಗಿಯಲಿ.

ನೀನು ಕೇಳುವವನಲ್ಲ, ಗೊತ್ತು. ಪುಸ್ತಕ ನೋಡಿ ತಪ್ಪುತಪ್ಪಾಗಿ ಕಲಿಯುತ್ತೀಯ, ಅದು ನನ್ನಿಂದ ತಡೆಯಲಾಗದು. ಆದ್ದರಿಂದ ಇದೊಂದು ಸಲ ಹೇಳುತ್ತೇನೆ. ಪುಸ್ತಕದಲ್ಲಿ ಬರುವ ಕ್ಲಾಸ್ ಅಂದರೆ ಖಾಲಿ ಅರ್ಜಿಯ ನಮೂನೆ. ನಮ್ಮ 'ಯಾನ' ಅನ್ನುವ ನಮೂನೆಯಲ್ಲಿ ದೋಣಿ, ಹೊರಟ ಹೊತ್ತು, ಜನ ಅಂತ ಖಾನೆಗಳಿವೆ. ಅವೇ ಫೀಲ್ಡುಗಳು. 'ಜನ' ಅನ್ನುವ ಫೀಲ್ಡಿನಲ್ಲಿ ಒಂದು ಪಟ್ಟಿ ಇರುತ್ತದೆ. ಪ್ರೋಗ್ರಾಮು ಬರೆದ ಈ ಭಾಷೆಯಲ್ಲಿ ಒಮ್ಮೆ ಮಾಡಿದ ಪಟ್ಟಿಯನ್ನು ಯಾರೂ ತಿದ್ದಲಾರರು, ನಾನೂ ಸಹ. ನಾಲ್ಕರ ಪಟ್ಟಿಗೆ ಒಂದು ಹೆಸರು ಸೇರಿಸು ಅಂದರೆ ಅದು ನಾಲ್ಕನ್ನು ಹಾಗೇ ಬಿಟ್ಟು, ಐದು ಹೆಸರಿನ ಬೇರೆ ಪಟ್ಟಿಯನ್ನು ನಿನ್ನ ಕೈಗೆ ಕೊಡುತ್ತದೆ. ಅದನ್ನು ನೀನು ಫೀಲ್ಡಿನಲ್ಲಿ ಇಟ್ಟರೆ ಉಂಟು. ಇಡದಿದ್ದರೆ ಆ ಪಟ್ಟಿ ಹುಟ್ಟಿದ ಗಳಿಗೆಯಲ್ಲೇ ಹೋಯಿತು, ಖಾನೆಯಲ್ಲಿ ಹಳೆಯ ನಾಲ್ಕೇ ಉಳಿಯುತ್ತದೆ. ಹೊಸದಾಗಿ ಕಲಿಯುವವರೆಲ್ಲ ಮಾಡುವ ತಪ್ಪು ಇದು.

ಇಷ್ಟು ಸಾಕು ಅಪ್ಪಾ. ಎಲ್ಸಿರತ್ತೆಯ ಕೆಮ್ಮು ಹೇಗಿದೆ?

ನಿನ್ನ
ಮಿರೆಯಾ

---

ಪುಲ್ಕಿನ್ ಬಂದರು
ನವೆಂಬರ್ 20

ಮಗಳೇ,

ಎಲ್ಸಿರಾಳ ಕೆಮ್ಮು ಗುಣವಾಗಿದೆ, ಬಾಯಿ ಮಾತ್ರ ಗುಣವಾಗಿಲ್ಲ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತರೆ, "ಅರುವತ್ತೆಂಟಕ್ಕೆ ಅಕ್ಷರಾಭ್ಯಾಸನಾ? ಹಲ್ಲು ಬಿದ್ದ್ಮೇಲೆ ಶಾಲೆಗೆ ಹೊರಟಿದಾನೆ ನೋಡು" ಅಂತ ಪಾತ್ರೆ ಕುಕ್ಕುತ್ತಾಳೆ. ನಾನೂ ಸುಮ್ಮನಿರದೆ ಅವಳ ಹೆಸರಿನಲ್ಲಿ ಒಂದು ದೋಣಿ ಮಾಡಿದೆ. ಆ ದೋಣಿಯಲ್ಲಿ ಜನರ ಬದಲು ಆಲೂಗಡ್ಡೆ. ನಮ್ಮ ಹಿತ್ತಲಿನ ನಾಲ್ಕು ಜಾತಿಯನ್ನೂ ಪಟ್ಟಿ ಮಾಡಿ, ಐದನೆಯದಾಗಿ ನೇರಳೆ ಆಲೂಗಡ್ಡೆಯನ್ನು ಸೇರಿಸು ಅಂದೆ. ಮತ್ತೆ ಪಟ್ಟಿ ತೋರಿಸು ಅಂದರೆ ನಾಲ್ಕೇ! ಮೂರು ಸಲ ಸೇರಿಸಿದೆ, ಮೂರು ಸಲವೂ ನಾಲ್ಕು. ಯಂತ್ರದ ವಂಶವನ್ನೆಲ್ಲ ಬೈದೆ. ಆಮೇಲೆ ನಿನ್ನ ಕಾಗದ ತೆಗೆದು ಓದಿದೆ. ನೇರಳೆ ಆಲೂಗಡ್ಡೆ ಮೂರು ಸಲವೂ ಹುಟ್ಟಿತ್ತು, ಹಿಡಿದಿಡುವವರೇ ಇರಲಿಲ್ಲ.

ಇಟ್ಟ ಮೇಲೆ ಐದಾಯಿತು. ಸತ್ಯವಾಗಿ ಹೇಳುತ್ತೇನೆ, ನನಗೆ ಸಂತೋಷದಿಂದ ಕೂರಲಾಗಲಿಲ್ಲ, ಎದ್ದು ಹೋಗಿ ಒಲೆಗೆ ಎರಡು ಸೌದೆ ಹೆಚ್ಚೇ ಹಾಕಿದೆ.

ಈ ಭಾಷೆ ನನಗೆ ಹಿಡಿಸಿತು. ಯಂತ್ರ ಬರುವ ಮೊದಲು ಹೆಸರು ಬರೆಯುತ್ತಿದ್ದ ನನ್ನ ನೋಟುಪುಸ್ತಕದಲ್ಲಿ ಗೀಚಿ, ಹೊಡೆದುಹಾಕಿ, ಮೇಲೆ ಬರೆದು, ಕೊನೆಗೆ ಮೊದಲು ಏನಿತ್ತೆಂದೇ ಗೊತ್ತಾಗುತ್ತಿರಲಿಲ್ಲ. ಇದು ಹಳೆಯದಕ್ಕೆ ಕೈ ಹಚ್ಚುವುದಿಲ್ಲ. ಒಂದು ಪಟ್ಟಿಯನ್ನು ಜರಡಿ ಹಿಡಿದು ಬೇಕಾದ್ದನ್ನು ಮಾತ್ರ ಸೋಸಿ ತೆಗೆಯುವುದನ್ನೂ ಕಲಿತೆ. ಪ್ರತಿಯೊಂದರ ಮೇಲೂ ಒಂದೇ ಕೆಲಸ ಮಾಡಿಸಿ ಇನ್ನೊಂದು ಪಟ್ಟಿ ಪಡೆಯುವುದನ್ನೂ ಕಲಿತೆ. ಆಲೂಗಡ್ಡೆ ಎಲ್ಲವನ್ನೂ ಒಂದೇ ಸಾಲಿನಲ್ಲಿ ಬೇಯಿಸಿಬಿಟ್ಟೆ! ಎಲ್ಸಿರಾ, "ಹಂಗಾದ್ರೆ ರಾತ್ರಿ ಊಟ ಆ ಯಂತ್ರದ್ದೇ" ಅಂದಳು.

ನೀನು ಬೇಡ ಅಂದರೂ ಎದುವಿನಾಳನ್ನು ಅಂಗಡಿಯಲ್ಲಿ ಮಾತಾಡಿಸಿದೆ. ಹೊಸ ಪಟ್ಟಿ, ಖಾನೆ ಎಂದೆಲ್ಲ ಹೇಳಿದೆ. "ನನ್ನ ಮಗನ ಬೆರಳಿಗೂ ಹೊಸ ಪಟ್ಟಿ ಬರತ್ತಾ ದೋನ್ ಸೆಲೆಸ್ತೀನೊ?" ಅಂತ ಕೇಳಿ ಹೊರಟುಹೋದಳು. ಅವಳದು ತಪ್ಪಲ್ಲ. ನಾನು ಇನ್ನೂ ಸರಿಯಾಗಿ ಹೇಳಬೇಕು. ನೀನು ಬರೆಯದೇ ಬಿಟ್ಟ ಆ ಸಾಲು ಎಲ್ಲಿ ಇರಬೇಕಿತ್ತು? ಆ ಜಾಗವನ್ನು ನನ್ನ ಕಣ್ಣಾರೆ ನೋಡಬೇಕು. ತಿಳಿಸು.

ವಿದ್ಯಾರ್ಥಿ
ಅಪ್ಪ

---

ಪೋರ್ತೊ ನತಾಲೆಸ್
ಡಿಸೆಂಬರ್ 15

ಅಪ್ಪಾ,

ಆ ಜಾಗ ನೆನಪಿಲ್ಲ. ದೊಡ್ಡ ಪ್ರೋಗ್ರಾಮು, ಎಲ್ಲೋ ಮಧ್ಯದಲ್ಲಿ.

ನೀನು ಆಲೂಗಡ್ಡೆಯ ಪಟ್ಟಿ ಮಾಡಿಕೊಂಡು ಖುಷಿಯಾಗಿದ್ದೀಯಲ್ಲ, ಅಷ್ಟಕ್ಕೇ ನಿಲ್ಲಿಸು. ನನ್ನ ಪ್ರೋಗ್ರಾಮನ್ನು ತೆರೆಯಬೇಡ. ನನಗಾಗಿ ಏನಾದರೂ ಮಾಡಬೇಕು ಅನ್ನಿಸಿದರೆ ಇದೊಂದನ್ನು ಮಾಡು. ಹಬ್ಬಕ್ಕೆ ನಾನು ಬರುವುದಿಲ್ಲ. ಕಾಲುಚೀಲ ಕಳಿಸಿದ್ದೇನೆ, ನೀಲಿಯದು ನಿನಗೆ, ಕೆಂಪು ಎಲ್ಸಿರತ್ತೆಗೆ.

ಮಿರೆಯಾ

---

ಪುಲ್ಕಿನ್ ಬಂದರು
ಜನವರಿ 30

ಮಿರೆಯಾ,

ನಿನ್ನ ಮಾತು ಮೀರಿದೆ. ಪ್ರೋಗ್ರಾಮು ತೆರೆದೆ.

ಮೊದಲು ಲ್ಯಾಪ್‌ಟಾಪಿನಲ್ಲೇ ನೋಡಿದೆ. ಒಂದೊಂದು ಸಾಲನ್ನು ಬೆರಳಿಟ್ಟು ಓದಲು ಹದಿನಾರು ದಿನ ಹಿಡಿಯಿತು. ಹೆಸರು ಸೇರಿಸುವ ಜಾಗ ಸಿಕ್ಕಿತು. ಹೊಸ ಪಟ್ಟಿ ಮಾಡುತ್ತದೆ, ಕೆಳಗಿನ ಸಾಲಿನಲ್ಲೇ ಅದನ್ನು 'ಜನ' ಅನ್ನುವ ಫೀಲ್ಡಿನಲ್ಲಿ ಇಡುತ್ತದೆ. ನೀನು ಆಮೇಲೆ ಸರಿಮಾಡಿರಬೇಕು ಅಂದುಕೊಂಡೆ. ಹಾಗಾದರೆ ಕೆಟ್ಟಿದ್ದನ್ನು ನೋಡಬೇಕಲ್ಲ? ಸಂಘದ ಕಾರ್ಯದರ್ಶಿಯ ಬೆನ್ನು ಬಿದ್ದೆ. ನೀನು ಸಭೆಯಲ್ಲಿ ಮಾತಾಡಿದ ದಿನವೇ ಬಂದರಿನ ಯಂತ್ರವನ್ನು ಬೀರುವಿನಲ್ಲಿಟ್ಟು ಕಾಗದ ಅಂಟಿಸಿ ಸಹಿ ಹಾಕಿದ್ದರಲ್ಲ, ಅದನ್ನು ತೆಗೆಸಿದೆ. "ಏನಾದ್ರೂ ಕೆಡಿಸಿದ್ರೆ ನನ್ನ ತಲೆ ಹೋಗತ್ತೆ ದೋನ್ ಸೆಲೆಸ್ತೀನೊ" ಅಂತ ಅವನು ಪಕ್ಕದಲ್ಲೇ ಉಗುರು ಕಚ್ಚುತ್ತಾ ಕೂತಿದ್ದ.

ಅಲ್ಲೂ ಆ ಸಾಲು ಇದೆ. ಒಂದು ಸುಳ್ಳು ದೋಣಿ ಮಾಡಿ, ನಾಲ್ಕು ಹೆಸರು ಹಾಕಿ, ಐದನೆಯದನ್ನು ಆಮೇಲೆ ಸೇರಿಸಿ, ಹುಡುಕುವವರಿಗೆ ಹೋಗುವ ಹಾಳೆ ತೆಗೆಸಿದೆ. ಐದು ಹೆಸರು ಬಂತು. ಇನ್ನೊಮ್ಮೆ ಮಾಡಿದೆ, ಐದೇ. ಕಾರ್ಯದರ್ಶಿ "ಸರಿಯಾಗೇ ಇದೆಯಲ್ಲ?" ಅಂದ.

ಗುಂಡಿ ಒತ್ತಿದ ಪ್ರತಿ ಸಲವೂ ಹೊತ್ತಿನ ಜೊತೆ ಒಂದು ಸಾಲು ಬರೆದಿಟ್ಟುಕೊಳ್ಳುವಂತೆ ನೀನು ಮಾಡಿದ್ದೀಯ. ಆಗಸ್ಟ್ ಹನ್ನೊಂದನ್ನು ತೆಗೆದೆ. ಐದು ನಲವತ್ತಕ್ಕೆ ರೋಸ ಎಸ್ತೇರ್, ನಾಲ್ಕು ಹೆಸರು. ಅದಾದ ಮೇಲಿನ ಸಾಲು ಆರು ಹತ್ತಕ್ಕೆ, ಬೇರೆ ದೋಣಿಯದು. ಸೆಗುಂದೊ ಕೂಗಿದ್ದು ಆರಕ್ಕೆ ಐದು ನಿಮಿಷ ಇರುವಾಗ. ನಡುವೆ ಏನೂ ಇಲ್ಲ.

ನಾನು ಗುಂಡಿ ಒತ್ತಲೇ ಇಲ್ಲ ಮಗಳೇ.

ಒತ್ತಿದೆ ಅಂತಲೇ ಇಷ್ಟು ದಿನ ನಂಬಿದ್ದೆ. ನಿನ್ನ ಮುಂದೆ ಸುಳ್ಳು ಹೇಳುತ್ತಿಲ್ಲ. ನೋಟುಪುಸ್ತಕದ ಕಾಲದಲ್ಲಿ ಬಾಯಲ್ಲಿ "ಬರ್ಕೊಂಡೆ" ಅನ್ನುವುದಕ್ಕೂ ಕೈ ಬರೆಯುವುದಕ್ಕೂ ಸರಿಹೋಗುತ್ತಿತ್ತು, ಪೆನ್ನು ಬೆರಳ ಸಂದಿಯಲ್ಲೇ ಇರುತ್ತಿತ್ತು. ಮೊದಲು ಹೇಳುವುದು, ಹೇಳುತ್ತಾ ಬರೆಯುವುದು, ಮೂವತ್ತೊಂದು ವರ್ಷದ ರೂಢಿ. ಆವತ್ತು ಒಂದು ಕೈಯಲ್ಲಿ ಮೈಕು, ಇನ್ನೊಂದರಲ್ಲಿ ಮಾಟೆ ಕಷಾಯದ ಬಿಸಿ ಲೋಟ. ಯಂತ್ರ ಮೇಜಿನ ಆ ತುದಿಗಿತ್ತು. ಬಾಯಿ ಹೇಳಿತು, ಕೈ ಹೋಗಲಿಲ್ಲ. ನೀನು ಸಭೆಯಲ್ಲಿ ವಿವರಿಸಿದ ತಪ್ಪು ನಡೆದದ್ದು ನಿಜವೇ. ಐದರ ಪಟ್ಟಿ ಆಯಿತು, ಅದನ್ನು ಖಾನೆಯಲ್ಲಿ ಇಡಲಿಲ್ಲ. ಆದರೆ ಅದು ನಡೆದದ್ದು ನನ್ನ ತಲೆಯೊಳಗೆ.

ನಿನಗೆ ಗೊತ್ತಿತ್ತು. ದೋಣಿ ಮಗುಚಿದ ಮರುದಿನ ನೀನು ಆ ಯಂತ್ರದ ಮುಂದೆ ಮೂರು ಗಂಟೆ ಕೂತಿದ್ದೆ. ಹೊರಗೆ ಬಂದಾಗ ನಾನು "ಏನಾಯ್ತು?" ಅಂದೆ. ನೀನು ನನ್ನ ಕೋಟಿನ ಗುಂಡಿ ಹಾಕಿ "ಚಳಿ ಇದೆ, ಮನೆಗೆ ನಡಿ" ಅಂದೆ.

ಮಹಾಸಭೆಯಲ್ಲಿ ಹೇಳುತ್ತೇನೆ.

ಅಪ್ಪ

---

ಪೋರ್ತೊ ನತಾಲೆಸ್
ಫೆಬ್ರವರಿ 14

ಅಪ್ಪಾ, ನಿನ್ನ ಕಾಲಿಗೆ ಬೀಳುತ್ತೇನೆ, ಹೇಳಬೇಡ.

ನಿನ್ನಿಂದ ಮುಚ್ಚಿಟ್ಟದ್ದಕ್ಕೆ ಬೈಯಿ, ಬೇಕಾದರೆ ಜನ್ಮದಲ್ಲಿ ಮಾತಾಡಿಸಬೇಡ. ಸಭೆಯಲ್ಲಿ ಮಾತ್ರ ಬಾಯಿ ಬಿಡಬೇಡ. ನನಗೆ ಇಪ್ಪತ್ತೊಂಬತ್ತು. ಒಗೆಯುತ್ತೇನೆ, ಅಡುಗೆ ಮಾಡುತ್ತೇನೆ, ಎಲ್ಲಾದರೂ ಬದುಕುತ್ತೇನೆ. ನಿನಗೆ ಆ ರೇಡಿಯೊ ಬಿಟ್ಟರೆ ಏನಿದೆ? ಆ ದೊಡ್ಡ ಬಿರುಗಾಳಿಯಲ್ಲಿ ಹನ್ನೆರಡು ದೋಣಿಗಳನ್ನು ಒಂದೊಂದಾಗಿ ಮಾತಾಡಿಸಿ ಒಳಗೆ ತಂದವನು ನೀನು. ಸೆಗುಂದೊ ನಿನ್ನ ದನಿ ಕೇಳಿದರೆ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಳ್ಳುತ್ತಿದ್ದ. ಅವರೆಲ್ಲ ನಿನ್ನನ್ನು ನೋಡಿ ಮುಖ ತಿರುಗಿಸುವುದನ್ನು ನಾನು ನೋಡಲಾರೆ.

ಇನ್ನೊಂದು ಮಾತು. ನನ್ನ ತಪ್ಪೂ ಇದೆ. ನಿನ್ನ ಪೆನ್ನು ಕಿತ್ತುಕೊಂಡು ಆ ಯಂತ್ರ ಕೊಟ್ಟವಳು ನಾನು. ನೀನು ಹೇಗೆ ಕೆಲಸ ಮಾಡುತ್ತೀಯ ಅಂತ ಪಕ್ಕದಲ್ಲಿ ಕೂತು ಒಂದು ದಿನವೂ ನೋಡಲಿಲ್ಲ. ಪ್ರೋಗ್ರಾಮು ಸರಿ ಇದೆ, ಇನ್ನೇನು ಬೇಕು ಅನ್ನುವ ಕೊಬ್ಬು ನನ್ನದು. ಆದ್ದರಿಂದ ಸಭೆಯಲ್ಲಿ ನಾನು ಹೇಳಿದ್ದು ಪೂರ್ತಿ ಸುಳ್ಳೇನಲ್ಲ.

ನೀನು ಆ ಜಾಗ ಹುಡುಕಿಬಿಡುತ್ತೀಯ ಅಂತ ಹೆದರಿದ್ದೆ. ಹುಡುಕಿದ್ದಕ್ಕೆ ಹೆಮ್ಮೆಯೂ ಆಗುತ್ತಿದೆ. ಏನು ಬರೆಯುತ್ತಿದ್ದೇನೋ ಗೊತ್ತಿಲ್ಲ.

ಮಿರೆಯಾ

---

ಪುಲ್ಕಿನ್ ಬಂದರು
ಮಾರ್ಚ್ 8

ಮಗಳೇ,

ನಿನ್ನೆ ಹೇಳಿದೆ. ನಿನ್ನ ಕಾಗದ ಅದಕ್ಕೆ ಮೊದಲೇ ಬಂದಿತ್ತು, ಓದಿಕೊಂಡೇ ಹೋದೆ.

ಸೆಗುಂದೊ ಎದ್ದು ನಿಂತು, "ನಾನು ಹೇಳ್ದೆ, ನೀವು ಬರ್ಕೊಂಡೆ ಅಂದ್ರಿ, ನಾನು ಕಿವಿಯಾರೆ ಕೇಳಿದೀನಿ" ಅಂದ. "ಅಂದೆ ಸೆಗುಂದೊ. ಬರ್ಕೊಳ್ಳಲಿಲ್ಲ" ಅಂದೆ. ಅವನು ಟೊಪ್ಪಿಗೆ ತೆಗೆದು ನೆಲ ನೋಡುತ್ತಾ ಕೂತ. ಯಾರೋ ಹಿಂದಿನಿಂದ, ವಯಸ್ಸಾಯ್ತು, ಇಷ್ಟು ವರ್ಷ ಸೇವೆ ಮಾಡಿದಾರೆ ಅಂತ ಶುರುಮಾಡಿದರು. ನಾನೇ ನಿಲ್ಲಿಸಿದೆ. ನಿವಾಲ್ದೊ ಬಂಡೆಯ ಮೇಲೆ ಕೂತಿದ್ದಾಗ ನಾನು ಒಲೆಯ ಪಕ್ಕ ಬೆಚ್ಚಗಿದ್ದೆ, ನಾಲ್ವರೂ ಸಿಕ್ಕರು ಅಂತ ರೇಡಿಯೊದಲ್ಲಿ ಸಾರಿದವನೂ ನಾನೇ. ಅದನ್ನು ಯಾವ ಸೇವೆಯೂ ತೊಳೆಯುವುದಿಲ್ಲ.

ವರದಿಯಲ್ಲಿ ನನ್ನ ಹೆಸರು ಬರೆದರು. ರೇಡಿಯೊದಿಂದ ತೆಗೆದರು. ನೋವಾಯಿತು ಮಗಳೇ, ಆಗಲಿಲ್ಲ ಅನ್ನುವುದಿಲ್ಲ. ಬೆಳಿಗ್ಗೆ ಐದಕ್ಕೆ ಎಚ್ಚರವಾಗಿ, ಬೂಟು ಹಾಕಿಕೊಂಡು, ಹೋಗಲು ಜಾಗವಿಲ್ಲದೆ ಅಡುಗೆಮನೆಯಲ್ಲಿ ಕೂತೆ. ಎಲ್ಸಿರಾ ಎದುರಿಗೆ ಬಿಸಿ ಮಿಲ್ಕಾವೊ ರೊಟ್ಟಿ ಇಟ್ಟಳು. ಅವಳು ಪಾತ್ರೆ ಕುಕ್ಕದೆ ಬಡಿಸಿದ್ದು ನನಗೆ ನೆನಪಿರುವಂತೆ ಇದೇ ಮೊದಲು.

ನಿನ್ನ ಮೇಲೆ ಸಿಟ್ಟಿದೆ. ನನ್ನ ಹೆಸರು ಉಳಿಸಲು ನಿನ್ನ ಹೆಸರು ಕೊಟ್ಟೆ, ಅದನ್ನು ಕೇಳಿದವರು ಯಾರು? ಏಳು ತಿಂಗಳು ನಿನ್ನ ಬೆವರಿನ ಮೇಲೆ ನಾನು ದೊಡ್ಡ ಮನುಷ್ಯನಾಗಿ ಓಡಾಡಿದೆ. ಎದುವಿನಾ ನಿನಗೆ ಶಾಪ ಹಾಕಿದಾಗ ನಿನ್ನ ಪಕ್ಕದಲ್ಲೇ ನಿಂತು ಕೇಳಿಸಿಕೊಂಡೆ.

ಮೊದಲ ಕಾಗದದಲ್ಲಿ ವಾಪಸ್ ಬರಬೇಕು ಅಂತ ಎಷ್ಟು ಜೋರಾಗಿ ಬರೆದಿದ್ದೆ. ಈಗ ಆ ಮಾತು ಹೇಳುವ ಮುಖ ನನಗಿಲ್ಲ. ನಿನಗೆ ಹೇಗೆ ತೋಚುತ್ತದೋ ಹಾಗೆ ಮಾಡು.

ಅಪ್ಪ

---

ಪುಲ್ಕಿನ್ ಬಂದರು
ಮಾರ್ಚ್ 9

ಮಿರೆಯಾ,

ನಾನು ಎದುವಿನಾ. ನಂಗೆ ಬರೆಯೋಕೆ ಬರಲ್ಲ, ನಿವಾಲ್ದೊ ಕೈಲಿ ಬರೆಸ್ತಿದೀನಿ. ನಾನು ಹೇಳಿದ್ದನ್ನ ಹಂಗಂಗೇ ಬರಿ ಅಂದಿದೀನಿ, ಚಂದ ಮಾಡೋಕೆ ಹೋಗ್ಬೇಡ ಅಂತ.

ನಿನ್ನ ಅಪ್ಪನ್ನ ನಾನು ಕ್ಷಮಿಸಿಲ್ಲ. ಕ್ಷಮಿಸ್ತೀನೋ ಇಲ್ವೋ ಅದೂ ಗೊತ್ತಿಲ್ಲ. ಸಭೆ ಮುಗಿದ್ಮೇಲೆ ನನ್ನ ಮುಂದೆ ಬಂದು ನಿಂತ್ರು. ಬೈಯೋಣ ಅಂತ ಬಾಯಿ ತೆಗೆದೆ, ಅಷ್ಟ್ರಲ್ಲಿ ನಿವಾಲ್ದೊನೇ "ಕೂತ್ಕೊಳ್ಳಿ ದೋನ್ ಸೆಲೆಸ್ತೀನೊ" ಅಂತ ತನ್ನ ಕುರ್ಚಿ ಬಿಟ್ಕೊಟ್ಟ. ಇವನಿಗೆ ಅಷ್ಟು ಒಳ್ಳೇತನ ಎಲ್ಲಿಂದ ಬಂತೋ, ನನ್ನ ಕಡೆಯಿಂದ ಅಂತೂ ಅಲ್ಲ.

ನಿಂಗೆ ದಿನಾ ಬೆಳಿಗ್ಗೆ ಇವನ ಕಾಲಿಗೆ ಬಟ್ಟೆ ಸುತ್ತೋವಾಗ ಶಾಪ ಹಾಕ್ತಿದ್ದೆ. ಏಳು ತಿಂಗಳು, ಒಂದು ದಿನಾನೂ ತಪ್ಪಿಸಿಲ್ಲ. ಹಾಕಿದ ಶಾಪನ ವಾಪಸ್ ತಗೊಳೋದು ಹೆಂಗೆ ಅಂತ ಪಾದ್ರಿನ ಕೇಳ್ದೆ. ಅವರು ಏನೋ ಪ್ರಾರ್ಥನೆ ಹೇಳ್ಕೊಟ್ರು. ನಂಗೆ ಅದು ಸಾಕು ಅನ್ನಿಸ್ಲಿಲ್ಲ. ನಿನ್ನ ಕೈ ಹಿಡ್ಕೊಂಡು ಹೇಳಿದ್ರೇನೇ ಅದು ಹೋಗೋದು.

ನನ್ನ ಮಗನ್ನ ಒಂಬತ್ತು ಗಂಟೆ ಆದ್ಮೇಲಾದ್ರೂ ಹುಡುಕ್ಕೊಟ್ರು. ಸೆಲೆಸ್ತೀನೊ ಮಗಳು ಕಳೆದುಹೋಗಿ ಏಳು ತಿಂಗಳಾಯ್ತು, ಹುಡುಕೋಕೆ ಈ ಬಂದರಿಂದ ಒಬ್ಬರೂ ಹೊರಟಿಲ್ಲ. ಇಪ್ಪತ್ತೈದನೇ ತಾರೀಕಿನ ಬಸ್ಸಿಗೆ ನಾನೂ ನಿವಾಲ್ದೊನೂ ಬರ್ತಿದೀವಿ. ಒಂದೂವರೆ ದಿನದ ದಾರಿಯಂತೆ, ಆಗ್ಲಿ. ನಾವು ಬರೋ ತನಕ ಅಲ್ಲಿಂದ ಕದಲಬೇಡ.

ಎದುವಿನಾ